ಮಾಳಿಗೆಯ ಮೇಲಿನ ಗ್ರೀಕ್

ಬಾಯಿಪಾಠ ಮಾಡುವವನು ಮನಸ್ಸಿನಲ್ಲೇ ಮಾಡಿಕೊಳ್ಳಬೇಕು. ಸತ್ಯನಾರಾಯಣಪೇಟೆಯ ಮಾರೇಶನಿಗೆ ಇಷ್ಟು ತಿಳಿಯಲಿಲ್ಲ. ಬೈಬಲ್ಲಿನ ಹಳೇ ಗ್ರೀಕ್ ಭಾಷೆಯ ಕ್ರಿಯಾಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಈ ಪುಣ್ಯಾತ್ಮ, ದಿನಾ ಸ್ನಾನ ಮಾಡಿ ಮಾಳಿಗೆ ಹತ್ತಿ, ಕಣ್ಣು ಮುಚ್ಚಿ, "ಲೂಓ, ಲೂಐಸ್, ಲೂಐ" ಎಂದು ಓಣಿಗೆಲ್ಲ ಕೇಳುವಂತೆ ಒಪ್ಪಿಸುತ್ತಿದ್ದ.

ಅವತ್ತು ರಾರಾವಿಯ ಓಬಣ್ಣ, ಮಗಳು ಅಕ್ಷಿತಾಳ ಸಂಬಂಧ ಮಾತಾಡಲು ಬರುವವನಿದ್ದ. ಅಕ್ಷಿತಾ ಕಾಲೇಜಿನಲ್ಲಿ ಮಾರೇಶನ ಜೊತೆಗೆ ಓದಿದವಳು. ಮದುವೆಯಾದರೆ ಅವಳನ್ನೇ ಆಗುವುದು ಎಂದು ಇವನು ಅವ್ವನ ಮುಂದೆ ಹಟ ಹಿಡಿದು ಕೂತಿದ್ದ.

ಅವನು ಮಾಳಿಗೆ ಇಳಿಯುವುದಕ್ಕೂ ಪಕ್ಕದ ಮನೆಯ ಕೊಟ್ರಮ್ಮ ನಿಂಬೆಹಣ್ಣು ಹಿಡಿದು ಬರುವುದಕ್ಕೂ ಸರಿಹೋಯಿತು.

"ಮಾರೇಶಪ್ಪ, ನಿನ್ನಿ ನೀನು ಮ್ಯಾಲೆ ಮಂತ್ರ ಹೇಳಿದಿ, ಕೆಳಗ ನನ್ನ ಮೊಮ್ಮಗಳ ಜರ ಬಿಡ್ತು! ಇದನ್ನ ಮಂತ್ರಿಸಿಕೊಡಪಾ, ಬಾಗಲಿಗೆ ಕಟ್ತೀನಿ."

"ದೊಡ್ಡಮ್ಮಾ, ಅದು ಮಂತ್ರ ಅಲ್ಲ, ವ್ಯಾಕರಣ!"

"ಬಲ್ಲೋರು ಯಾವತ್ತೂ ಹಿಂಗ ಅಂತಾರ," ಎಂದು ಕೊಟ್ರಮ್ಮ ಕಟ್ಟೆಯ ಮೇಲೆ ಕೂತೇಬಿಟ್ಟಳು.

ಅವಳ ಹಿಂದೆಯೇ ಬ್ರೂಸ್‌ಪೇಟೆಯ ಕಿರಾಣಿ ಅಂಗಡಿ ಪಂಪಣ್ಣ ಬಂದ. ಯಾಪಾರ ಕುಂತೈತಂತೆ, ಎಬ್ಬಿಸಬೇಕಂತೆ. ಮಧ್ಯಾಹ್ನದೊಳಗೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಸಿಟ್ಟು ನೆತ್ತಿಗೇರಿ, ಬೈಗಳೂ ನೆನಪಾಗದೆ, ಮಾರೇಶ ತನಗೆ ಗೊತ್ತಿದ್ದ ಅತಿ ಕಷ್ಟದ ಕ್ರಿಯಾರೂಪಗಳನ್ನೇ ಒದರಿದ. ಪಂಪಣ್ಣ ಅಡ್ಡಬಿದ್ದ.

ಸರಿಯಾಗಿ ಆಗಲೇ ಓಬಣ್ಣ ಬಾಗಿಲಿಗೆ ಬಂದ. ಮಾಟಗಾರನಿಗೆ ಯಾರು ಹೆಣ್ಣು ಕೊಟ್ಟಾರು? ಮಾರೇಶ ಎಲ್ಲರನ್ನೂ ಹೊರಗೆ ದಬ್ಬಿ, ಓಬಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಯಾವ ರೂಪ ಮುಗಿದ ಕೆಲಸಕ್ಕೆ, ಯಾವುದು ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಎಂದು ಚಹಾ ಆರಿ ತಣ್ಣಗಾಗುವವರೆಗೂ ವಿವರಿಸಿದ. ಅವ್ವ ಉಚ್ಚೆಂಗೆಮ್ಮ ಒಳಗಿನಿಂದ ಸಾಕೆಂದು ಕೈಸನ್ನೆ ಮಾಡಿದರೂ ನಿಲ್ಲಿಸಲಿಲ್ಲ.

"ಹುಲಿಗೆಮ್ಮನ ಆಣಿ ಮಾಮ, ನನಗ ಒಂದು ಮಂತ್ರಾನೂ ಬರಾಂಗಿಲ್ಲ!"

"ಖರೇನಾ?"

"ಖರೇ!"

ಓಬಣ್ಣ ಟವೆಲ್ಲು ಕೊಡವಿ ಎದ್ದ. "ನೌಕರಿ ಇಲ್ಲ, ಬ್ಯಾಡ ಅಂದಿದ್ನೆಪಾ ನಾನು. 'ಮಂತ್ರ ಬಲ್ಲಾವ, ಮಂದಿ ಬಾಗಲಿಗೆ ಬರ್ತಾರ' ಅಂತ ಮಗಳು ಹೇಳಿದ್ದಕ್ಕ ಬಂದೆ. ಸುಳ್ಳು ಹೇಳ್ಯಾಳ. ಬರ್ತೀನಿ."

ಅವನು ಓಣಿ ದಾಟುವುದನ್ನೇ ಕಾಯುತ್ತಿದ್ದ ಕೊಟ್ರಮ್ಮ ಹಣೆ ಬಡಿದುಕೊಂಡಳು.

"ಲೇ ಮಳ್ಳ! ಆ ಹುಡುಗಿ ಫೋನ್ ಮಾಡಿ ಕಾಲು ಹಿಡಕೊಂಡ್ಲಂತ ಈ ಮಂದೀನೆಲ್ಲ ನಾನೇ ಕೂಡಿಸಿದ್ನೆಲೇ! ಒಂದು ತಾಸು ಬಾಯಿ ಮುಚ್ಗೊಂಡು ಕುಂದ್ರಾಕ ಏನಾಗಿತ್ತು ನಿನಗ?"