ಕೊಡೆಯಮ್ಮನ ಎಡಗೈ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ. ನನಗೆ ಹಲ್ಲಿಗೇನೂ ಬರವಿಲ್ಲ. ಇಪ್ಪತ್ತಾರು ವರ್ಷದಿಂದ ದಂತವೈದ್ಯರೊಬ್ಬರ ಕೈಕೆಳಗೆ ಕಟ್ಟುಹಲ್ಲು ಮಾಡುವುದೇ ನನ್ನ ಕಸುಬು. ಪಿಂಗಾಣಿ ಪುಡಿ ಕಲಸಿ, ತಿದ್ದಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಅರ್ಧ ಊರಿನ ನಗುವನ್ನು ನಾನೇ ಒದಗಿಸಿದ್ದೇನೆ. ನನಗೆ ಸಿಗದ ಕಡಲೆ ಅಂದರೆ ಭಾನುವಾರ ಮಧ್ಯಾಹ್ನದ ನಿದ್ದೆ.

ಯಾಕೆಂದರೆ ಮನೆಯಲ್ಲೂ ಪಿಂಗಾಣಿಯೇ. ನನ್ನ ಹೆಂಡತಿಗೆ ಪಿಂಗಾಣಿ ಗೊಂಬೆ ಕೂಡಿಸುವ ಹುಚ್ಚು. ಹಜಾರದ ಎರಡು ಗಾಜಿನ ಕಪಾಟಿನ ತುಂಬ ಅವೇ: ಪಿಟೀಲು ಬಾರಿಸುವ ಮುದುಕ, ಮೂತಿ ಉಬ್ಬಿಸಿಕೊಂಡ ಬೆಕ್ಕು, ಕುಣಿಯುವ ಜೋಡಿ (ಇವರಿಗೆ ಮದುವೆಯಾಗಿಲ್ಲ ಅಂತ ನನ್ನ ಅನುಮಾನ, ಇಷ್ಟು ವರ್ಷವಾದರೂ ಒಬ್ಬರ ಮುಖ ಒಬ್ಬರು ನೋಡುತ್ತಲೇ ಇದ್ದಾರೆ). ಎಲ್ಲರಿಗೂ ಮಹಾರಾಣಿ ಕೊಡೆಯಮ್ಮ. ಬಲಗೈಯಲ್ಲಿ ಕೊಡೆ ಹಿಡಿದು, ಮಳೆ ಬಂತೇ ಅಂತ ಎಡಗೈ ಚಾಚಿ ನಿಂತವಳು ಇಪ್ಪತ್ತು ವರ್ಷದಿಂದ ಹಾಗೇ ನಿಂತಿದ್ದಾಳೆ. ಪ್ರತಿ ಭಾನುವಾರ ಊಟವಾದ ಮೇಲೆ ಹಳೇ ಬನಿಯನ್ನಿನ ತುಂಡಿನಿಂದ ಈ ಸಮಸ್ತ ಪರಿವಾರದ ಮೈ ಒರೆಸುವ ಸೇವೆ ನನ್ನದು.

"ಅಂಥಾದ್ದೇನಿದೆ ಇವುಗಳಲ್ಲಿ?" ಅಂತ ಒಮ್ಮೆ ಕೇಳಿದೆ.

"ಇಟ್ಟ ಕಡೆ ಇರ್ತವೆ ಕಣ್ರೀ. ಈ ಮನೇಲಿ ನಿಮ್ಮ ಕನ್ನಡಕ, ಕೀಲಿಕೈ, ಕಾಲುಚೀಲ ಯಾವುದಾದ್ರೂ ಇಟ್ಟ ಕಡೆ ಇದೆಯಾ?"

ಸರಿಯಾದ ಉತ್ತರ ಕೊಡಬೇಕೆಂದಿದ್ದೆ. ಆದರೆ ಆಗಲೂ ನಾನು ಕನ್ನಡಕ ಹುಡುಕುತ್ತಿದ್ದೆ.

ಕಳೆದ ತಿಂಗಳು ಅವಳು ಮೂರನೇ ಕಪಾಟಿನ ಮಾತೆತ್ತಿದಳು. ಒತ್ತೊತ್ತಾಗಿ ನಿಲ್ಲಿಸಿದರೆ ಒರೆಸುವಾಗ ಒಂದಕ್ಕೊಂದು ತಗುಲಿ ಒಡೆಯುತ್ತವಂತೆ. ಕಪಾಟಿಗೆ ಗೊತ್ತು ಮಾಡಿದ ಜಾಗ ಕಿಟಕಿಯ ಪಕ್ಕ, ಅಂದರೆ ನನ್ನ ಆರಾಮ ಕುರ್ಚಿ ಇರುವಲ್ಲಿ. ಈ ಮನೆಯಲ್ಲಿ ನನ್ನದು ಅಂತ ಇರುವ ಸಾಮ್ರಾಜ್ಯ ಅದೊಂದೇ. ವಾರವಿಡೀ ಬಗ್ಗಿ ಬಗ್ಗಿ ನೋಯುವ ಕತ್ತನ್ನು ಅಲ್ಲಿ ಆನಿಸಿದಾಗ ಮಾತ್ರ ನನಗೂ ಒಂದು ಜೀವ ಇದೆ ಅನಿಸುತ್ತದೆ.

"ಇವತ್ತಿನವರೆಗೆ ನನ್ನ ಕೈಯಲ್ಲಿ ಒಂದಾದರೂ ಒಡೆದಿದೆಯಾ?" ಅಂತ ಗುಡುಗಿದೆ.

"ಇಲ್ಲ. ಆಯ್ತು, ನಿಮ್ಮ ಕೈಯಲ್ಲಿ ಒಂದು ಒಡೆಯೋವರೆಗೂ ಕುರ್ಚಿ ಇರಲಿ. ಒಡೆದ ದಿನ ಕಪಾಟು ಬರುತ್ತೆ."

ನಾನು ಮೀಸೆ ತಿರುವಿದೆ. ಮುಂದಿನ ಭಾನುವಾರವೇ ಕೊಡೆಯಮ್ಮನ ಬೆನ್ನು ಒರೆಸುತ್ತಿದ್ದಾಗ ಒಂದು ದೊಡ್ಡ ಆಕಳಿಕೆ ಬಂತು. ಅದು ಮುಗಿಯುವಷ್ಟರಲ್ಲಿ ಅವಳ ಎಡಗೈ ಕಪಾಟಿನ ಅಂಚಿಗೆ ತಗುಲಿ, ಮಣಿಕಟ್ಟಿನಿಂದಾಚೆ ಪುಡಿಪುಡಿಯಾಗಿತ್ತು. ಪುಣ್ಯಕ್ಕೆ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೊಡೆಯಮ್ಮನನ್ನು ನನ್ನ ಚೀಲದೊಳಗೆ ಅಡಗಿಸಿ, ಉಳಿದವರನ್ನು ಒಂದಿಷ್ಟು ಸರಿಸಿ ನಿಲ್ಲಿಸಿದೆ.

ಸೋಮವಾರ ನನ್ನ ಕಸುಬೇ ನನ್ನ ಕೈ ಹಿಡಿಯಿತು. ಯಾರೋ ಹೆಡ್‌ಮಾಸ್ತರರ ಮುಂದಿನ ಹಲ್ಲುಗಳನ್ನು ಬದಿಗಿಟ್ಟು, ಹದಿನಾರು ಬಗೆಯ ಬಿಳಿಗಳಲ್ಲಿ ಕೊಡೆಯಮ್ಮನ ಮೈಬಣ್ಣ ಹುಡುಕಿ, ಒಂದು ಕೈ ತಿದ್ದಿ ಸುಟ್ಟೆ. ಉಗುರು ಕೂಡ ಬಿಡಿಸಿ, ಕಟ್ಟುಹಲ್ಲಿನ ಅಂಟಿನಿಂದ ಮಣಿಕಟ್ಟಿಗೆ ಕೂಡಿಸಿದೆ. ಡಾಕ್ಟರು ಹಿಂದಿನಿಂದ ಇಣುಕಿ, "ಇದು ಯಾವ ಪೇಶೆಂಟು?" ಅಂದರು. "ಮನೆ ಕಡೆಯವರು ಸಾರ್" ಅಂದೆ.

ಸಂಜೆ ಕೊಡೆಯಮ್ಮ ಸ್ವಸ್ಥಾನ ಸೇರಿದಳು. ಮಂಗಳವಾರ, ಬುಧವಾರ ಹೆಂಡತಿ ತುಟಿ ಬಿಚ್ಚಲಿಲ್ಲ. ನಾನು ಕುರ್ಚಿಯಲ್ಲಿ ಕಾಲು ಚಾಚಿ, ಪತ್ನೀವಂಚಕ ಶಿರೋಮಣಿ ಅಂತ ನನಗೆ ನಾನೇ ಬಿರುದು ಕೊಟ್ಟುಕೊಂಡೆ.

ಗುರುವಾರ ಅವಳ ಅಕ್ಕ ಬಂದರು. ಅವರ ಮನೆಯಲ್ಲೂ ಇಂಥವಳೇ ಒಬ್ಬ ಕೊಡೆಯಮ್ಮ ಇದ್ದಾಳೆ. ಅಕ್ಕ ತಂಗಿ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡದ್ದು.

"ಅಯ್ಯೋ, ಇವಳಿಗೆ ಐದು ಬೆರಳು!" ಅಂದರು ಕಪಾಟಿನ ಮುಂದೆ ನಿಂತು.

"ಕೈ ಅಂದ ಮೇಲೆ ಐದು ಬೆರಳಿರದೆ ಇನ್ನೆಷ್ಟಿರುತ್ತೆ ಅತ್ತಿಗೆ?" ಅಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವುದು ಹೀಗೇ ಇರಬೇಕು.

"ನಾಲ್ಕೇ ಇದ್ದಿದ್ದು! ಮಾಡಿದವನು ಒಂದನ್ನು ಮರೆತುಬಿಟ್ಟಿದ್ದ. ಅದನ್ನ ನೋಡಿ ಅಂಗಡೀಲೇ ಬಿದ್ದು ಬಿದ್ದು ನಕ್ಕು, ಆ ಜೋಡೀನೇ ಆರಿಸಿದ್ವಿ."

ಇಪ್ಪತ್ತು ವರ್ಷ ವಾರವಾರ ಒರೆಸಿದ ಕೈ ಅದು. ನಾನು ಒಮ್ಮೆಯೂ ನೋಡಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಹೆಂಡತಿ ನಿಧಾನವಾಗಿ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು.

"ನಾನು ಸೋಮವಾರ ಸಂಜೇನೇ ನೋಡಿದೆ" ಅಂದಳು.

"ಮತ್ತೆ ಯಾಕೆ ಸುಮ್ಮನಿದ್ದೆ?"

"ಕೈ ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡ್ತಿದ್ದೆ. ಮೂರು ದಿನ ಬಿಸಿನೀರಲ್ಲಿ ಅದ್ದಿದೆ, ಅಲ್ಲಾಡಲಿಲ್ಲ." ಹಾಗಂದವಳೇ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ತೊಡೆಯ ಮೇಲಿಟ್ಟಳು. ಹಳೇ ದಿಂಬಿನ ಚೀಲದಲ್ಲಿ ಸುತ್ತಿದ ಏಳು ಗೊಂಬೆಗಳು: ತಲೆಯಿಲ್ಲದ ಹಂಸ, ಕಾಲಿಲ್ಲದ ಸಿಪಾಯಿ, ಕಿವಿ ಹೋದ ಮೊಲ, ಇತ್ಯಾದಿ. "ಇವು ನನ್ನ ಕೈಯಲ್ಲಿ ಒಡೆದವು. ಒಂದೊಂದೇ ಮಾಯವಾದ್ರೂ ನಿಮಗೆ ಗೊತ್ತೇ ಆಗ್ಲಿಲ್ಲ."

(ಒಮ್ಮೊಮ್ಮೆ ಒರೆಸುವುದು ಬೇಗ ಮುಗಿದಾಗ, ಕೈ ಪಳಗಿದೆ ಅಂದುಕೊಂಡಿದ್ದೆ.)

"ನೀನೇ ಏಳು ಒಡೆದಿದೀಯ! ಹಾಗಾದರೆ ಒಪ್ಪಂದ ರದ್ದು!"

"ಒಪ್ಪಂದ ಆಗಿದ್ದು ನಿಮ್ಮ ಕೈಯಲ್ಲಿ ಒಡೆದರೆ ಅಂತ."

"ಅದು ನ್ಯಾಯ" ಅಂದರು ಅತ್ತಿಗೆ. "ಅಂದ ಹಾಗೆ, ನಮ್ಮನೇಲೂ ಮೂರು ಒಡೆದು ಕೂತಿವೆ. ತಂದುಕೊಡ್ತೀನಿ."

ಶನಿವಾರ ಕಪಾಟು ಬಂತು. ಕುರ್ಚಿ ಮೆಟ್ಟಿಲ ಕೆಳಗೆ ಹೋಯಿತು. ಈಗ ಭಾನುವಾರ ಮಧ್ಯಾಹ್ನ ಮೊದಲು ಮೂರು ಕಪಾಟು ಒರೆಸಬೇಕು, ಆಮೇಲೆ ಹಂಸಕ್ಕೆ ತಲೆ, ಸಿಪಾಯಿಗೆ ಕಾಲು. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿತ್ತು. ಊಟದ ಮೇಜಿನ ಮೇಲೆ ಕೊಡೆಯಮ್ಮನನ್ನು ಮಲಗಿಸಿ, ಕಟ್ಟುಹಲ್ಲು ತಿದ್ದುವ ಸಣ್ಣ ಅರದಿಂದ ಅವಳ ಕಿರುಬೆರಳನ್ನು ತೇಯತೊಡಗಿದೆ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಆ ಬೆರಳಿನಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಮಾಡಿರಲಿಲ್ಲ.

ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ರೀ, ಎಣಿಸ್ಕೊಂಡು ತೇಯಿರಿ. ಮೂರು ಮಾಡಿಬಿಟ್ಟೀರ!"