ಬ್ರಿಸ್ಬೇನಿನಲ್ಲಿ ಹಿಮಕುಸಿತ

ಫ್ರಿಜ್ಜಿನ ಮೇಲ್ಖಾನೆಯ ಹೊರಗೆ ಹಿಮವನ್ನು ಕಂಡವನಲ್ಲ ನಾನು. ಆದರೂ ೨೦೧೬ರ ಜೂನ್ ತಿಂಗಳಲ್ಲಿ, ಎಂದರೆ ಇಲ್ಲಿನ ಚಳಿಗಾಲದಲ್ಲಿ, ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಒಗ್ಗರಣೆ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದೆ: ಪರ್ವತದ ಮೇಲೆ ಸ್ನೋಮೊಬೈಲ್ ಓಡಿಸಲು ಬೇಕಾದ ಸಮಸ್ತ ಸಾಮಗ್ರಿಯನ್ನೂ ಶಾಸ್ತ್ರೋಕ್ತವಾಗಿ, ಆದ್ಯತೆಯ ಕ್ರಮದಲ್ಲಿ, ಒಂದೇ ಒಂದು ಲೋಪವಿಲ್ಲದೆ ಕೊಳ್ಳುತ್ತೇನೆ! ಈ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದದ್ದು ಕುಕ್ಕರ್ ಒಂದೇ. ಅದು ಸೀಟಿ ಹೊಡೆಯಿತು. ನಾನದನ್ನು ಸಭೆಯ ಅನುಮೋದನೆ ಎಂದೇ ಭಾವಿಸಿದೆ.

ನಿಜವಾಗಿ ಕೇಳಿಸಿಕೊಳ್ಳಬೇಕಾದವಳು ಪರ್ತ್‌ನಲ್ಲಿದ್ದಳು. ನನ್ನ ಹೆಂಡತಿ ಮೈಥಿಲಿ ಅಲ್ಲಿನ ಗಣಿ ಕಂಪನಿಯೊಂದರಲ್ಲಿ ಎರಡು ವರ್ಷದ ಕಾಂಟ್ರ್ಯಾಕ್ಟಿನ ಮೇಲೆ ಸಾಫ್ಟ್‌ವೇರ್ ಎಂಜಿನಿಯರ್. ನಾನು ಇಲ್ಲೇ ಬ್ರಿಸ್ಬೇನಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ವಲಸೆಗಾರರ ಮೌಖಿಕ ಇತಿಹಾಸ ಸಂಗ್ರಹಿಸುವವನು. ನಮ್ಮಿಬ್ಬರ ನಡುವೆ ಒಂದು ಖಂಡವೇ ಅಡ್ಡಡ್ಡ ಮಲಗಿದೆ. ನನಗೆ ಊಟದ ಹೊತ್ತಾದರೆ ಅವಳಿಗಿನ್ನೂ ಕಾಫಿಯ ಹೊತ್ತು. ಆದರೂ ನಾನು ಅಕ್ಕಿ ಅಳೆಯುವುದು ಈಗಲೂ ಇಬ್ಬರಿಗೆ. ಮರುದಿನ ಅದನ್ನು ಚಿತ್ರಾನ್ನ ಮಾಡಿ ತಿನ್ನುವುದು ಒಬ್ಬನೇ. ಈ ಅವಧಿಯಲ್ಲಿ ನಾನು ತಿಂದ ಚಿತ್ರಾನ್ನಕ್ಕೆ ಪ್ರತ್ಯೇಕವಾದ ಒಂದು ಇತಿಹಾಸ ಸಂಪುಟವನ್ನೇ ಮೀಸಲಿಡಬಹುದು.

ಕಾಂಟ್ರ್ಯಾಕ್ಟು ಮುಗಿಯುತ್ತ ಬಂದಾಗ ಅವಳು ಫೋನ್ ಮಾಡಿದಳು.

"ರಮಾ, ಇನ್ನೆರಡು ವರ್ಷ ಎಕ್ಸ್‌ಟೆಂಡ್ ಮಾಡ್ತೀವಿ ಅಂತಿದಾರೆ. ಮುಂದಿನ ತಿಂಗಳು ರಜ ಇದೆಯಲ್ಲ, ಅದು ಮುಗಿಯೋದ್ರೊಳಗೆ ಹೇಳ್ಬೇಕಂತೆ. ನಿಂಗೇನ್ ಅನ್ಸತ್ತೆ?"

ಬೇಡ, ಬಂದುಬಿಡು ಎಂದು ಚೀರಬೇಕೆನ್ನಿಸಿತು. ಆದರೆ ನನ್ನ ವೃತ್ತಿಧರ್ಮ ಎದ್ದು ನಿಂತಿತು! ಮಾತನಾಡುವವರ ಮೇಲೆ ಸಂದರ್ಶಕನು ಪ್ರಭಾವ ಬೀರಕೂಡದು, ದಾರಿ ತೋರಕೂಡದು, ತನ್ನ ಆಸೆಯನ್ನು ಪ್ರಶ್ನೆಯೊಳಗೆ ತುರುಕಕೂಡದು. ಪ್ರತಿವರ್ಷ ವಿದ್ಯಾರ್ಥಿಗಳಿಗೆ ಮೇಜು ಕುಟ್ಟಿ ಬೋಧಿಸುವುದು ಇದನ್ನೇ.

"ನಿನಗೇನನ್ನಿಸುತ್ತದೆ?" ಎಂದೆ.

"ನಾನ್ ನಿನ್ನ ಕೇಳಿದ್ದು."

"ಅದರ ಬಗ್ಗೆ ಇನ್ನಷ್ಟು ಹೇಳು."

"ರಮಾಕಾಂತ್, ನಾನು ನಿನ್ನ ಹೆಂಡ್ತಿ. ನಿನ್ನ ಪ್ರಾಜೆಕ್ಟ್ ಅಲ್ಲ!"

ಫೋನ್ ಕಟ್ಟಾಯಿತು. ನಾನು ಮೌನವನ್ನು ಗೌರವಿಸುತ್ತ ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದೇ ಇದ್ದೆ.

ಆಗ ಹೊಳೆದದ್ದು ಸ್ನೋಮೊಬೈಲ್. ಅದು ಹಿಮದ ಮೇಲೆ ಓಡುವ ಮೋಟಾರ್‌ಸೈಕಲ್ಲಿನಂಥ ವಾಹನ. ಕಡಿದಾದ ಇಳಿಜಾರು, ಇಬ್ಬರಿಗೆ ಒಂದೇ ಸೀಟು, ಹಿಂದೆ ಕೂತವರು ಮುಂದಿನವರನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿಕೊಳ್ಳಲೇಬೇಕು, ಅದು ಸುರಕ್ಷಾ ನಿಯಮ! ಹೆಂಡತಿ ದಿನವಿಡೀ ಗಂಡನನ್ನು ಅಪ್ಪಿಕೊಂಡಿರಬೇಕೆಂದು ಲಿಖಿತ ನಿಯಮವಿರುವ ವಾಹನ ಭೂಮಂಡಲದಲ್ಲಿ ಇನ್ನೊಂದಿದೆಯೇ? ನ್ಯೂಜಿಲೆಂಡಿನ ಪರ್ವತದ ಮೇಲೆ ಅವಳು ಹಾಗೆ ಹಿಡಿದುಕೊಂಡಿದ್ದಾಗ, ಎಂಜಿನ್ನಿನ ಗದ್ದಲದಲ್ಲಿ, ಹೇಳಬೇಕಾದದ್ದನ್ನು ಹೇಳಿಬಿಡುವುದೆಂದು ನಿಶ್ಚಯಿಸಿದೆ. ಮುಖ ಕಾಣುವುದಿಲ್ಲವಾದ್ದರಿಂದ ಪ್ರಭಾವ ಬೀರಿದ ದೋಷವೂ ಬಾರದು. ರಜೆಗೆ ಅಲ್ಲಿಗೆ ಹೋಗೋಣವೆಂದಷ್ಟೇ ಅವಳಿಗೆ ಸಂದೇಶ ಕಳಿಸಿದೆ; ಒಪ್ಪಿದಳು.

ಈ ವಿಷಯದಲ್ಲಿ ಅನುಭವವಿದ್ದ ಏಕೈಕ ಕನ್ನಡಿಗ ನನ್ನ ಬಾಲ್ಯದ ಗೆಳೆಯ ಭರತೇಶ್. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಇರುವವನು. ಹಿಂದೆ ಕೆನಡಾದಲ್ಲಿದ್ದಾಗ ಮೂರು ಚಳಿಗಾಲ ಸ್ನೋಮೊಬೈಲ್ ಓಡಿಸಿದವನು. ಅವನನ್ನು ಫೋನಿನಲ್ಲಿ ವಿಧ್ಯುಕ್ತವಾಗಿ ಸಂದರ್ಶಿಸಿದೆ.

"ಮಗಾ, ಮೊದ್ಲು ಹೆಲ್ಮೆಟ್. ಆಮೇಲೆ ಬೀಕನ್, ಸಲಿಕೆ, ಏರ್‌ಬ್ಯಾಗ್. ಬಟ್ಟೆ ಆಮೇಲೆ. ಕಾಟನ್ ಮಾತ್ರ ಮುಟ್ಬೇಡ, ಬೆವರು ಹೀರ್ಕೊಂಡು ಅಲ್ಲೇ ಐಸ್ ಮಾಡತ್ತೆ."

"ಬೀಕನ್ ಎಂಬುದರ ಮೊದಲ ನೆನಪು ನಿನ್ನ ಮನಸ್ಸಿನಲ್ಲಿ ಹೇಗೆ ಉಳಿದಿದೆ?"

"ಲೋ, ಬಾರ್ಬೆಕ್ಯೂ ಒಲೆ ಮೇಲೆ ಕಾರ್ನ್ ಸೀದ್ಹೋಗ್ತಿದೆ! ಒಬ್ಬೊಬ್ರಿಗೆ ಒಂದೊಂದು ಕಟ್ಕೋಬೇಕು. ಒಬ್ರು ಹಿಮದಡಿ ಹೂತ್ಹೋದ್ರೆ ಇನ್ನೊಬ್ರುದು ಬೀಪ್ ಬೀಪ್ ಅಂತ ಎಷ್ಟು ದೂರ ಅಂತ ತೋರ್ಸತ್ತೆ. ಅಷ್ಟೇ. ಮೊದಲ ನೆನಪಂತೆ!"

ಇಷ್ಟರಿಂದ ನಾನು ಒಂದು ಸಿದ್ಧಾಂತವನ್ನೇ ಕಟ್ಟಿದೆ. ವಸ್ತುಗಳಲ್ಲಿ ಮೂರು ವರ್ಗ: ಪ್ರಾಣರಕ್ಷಕ, ದೇಹರಕ್ಷಕ, ಮಾನರಕ್ಷಕ. ಹೆಲ್ಮೆಟ್, ಬೀಕನ್, ಸಲಿಕೆ, ಏರ್‌ಬ್ಯಾಗ್ ಮೊದಲನೆಯವು. ಏರ್‌ಬ್ಯಾಗ್ ಎಂದರೆ ಬೆನ್ನಿಗೆ ಹಾಕುವ ಚೀಲ. ಹಿಮ ಕುಸಿದಾಗ ಭುಜದ ಪಟ್ಟಿಯ ಹಿಡಿಕೆ ಎಳೆದರೆ ಢಮ್ಮೆಂದು ಬಲೂನು ಉಬ್ಬಿ ಮನುಷ್ಯನನ್ನು ಹಿಮದ ಮೇಲೆ ತೇಲಿಸುತ್ತದೆ. ಒಳಉಡುಪು, ಜಾಕೆಟ್, ಕೈಗವಸು, ಬೂಟು ದೇಹರಕ್ಷಕ. ಫೋಟೋಕ್ಕಾಗಿ ಮೈಥಿಲಿ ಕೇಳಿದ ಕೆಂಪು ಸ್ಕಾರ್ಫು ಮಾನರಕ್ಷಕ; ಆದ್ಯತೆಯಲ್ಲಿ ಕಟ್ಟಕಡೆ. ಒಂದೊಂದನ್ನೇ ಈ ಕ್ರಮದಲ್ಲಿ ತಂದೆ. ಅವಳ ಉಣ್ಣೆಯ ಒಳಉಡುಪನ್ನು ಬೀರುವಿನ ಅವಳ ಪಾಲಿನ ಖಾಲಿ ಅರ್ಧಭಾಗದಲ್ಲಿ ನೇತುಹಾಕಿದೆ. ಬಾಗಿಲು ಮುಚ್ಚಲು ಮನಸ್ಸಾಗಲಿಲ್ಲ. ಆ ದಿನ ಅಡುಗೆಮನೆಗೆ ಹೋಗುವಾಗಲೂ ಬರುವಾಗಲೂ ಅದನ್ನು ಮಾತನಾಡಿಸಿದೆ. ಅದು ಫೋನ್ ಕಟ್ ಮಾಡಲಿಲ್ಲ.

ಬೀಕನ್ ಒಂದನ್ನು ಪರ್ತ್‌ಗೆ ಅಂಚೆಯಲ್ಲಿ ಕಳಿಸಿದೆ, ಅಭ್ಯಾಸವಾಗಲೆಂದು.

"ಏನೋ ಇದು? ಕತ್ತಿಗೆ ಕಟ್ಕೊಂಡ್ರೆ ಕೋಲೆ ಬಸವನ ಗಂಟೆ ಥರ ಇದೆ!"

"ವಿಮಾನ ಇಳಿದ ಕೂಡಲೇ ಚಾಲೂ ಮಾಡು. ದಯವಿಟ್ಟು."

"ಸರಿ ಮಹಾಸ್ವಾಮಿ. ರಮಾ, ಆ ವಿಷಯ..." ಎಂದು ಏನೋ ಶುರುಮಾಡಿದಳು.

"ಬ್ಯಾಟರಿ ಹೊಸದೇ ಹಾಕಿದ್ದೇನೆ," ಎಂದೆ.

ಹೊರಡುವ ದಿನ ಬಂದಿತು. ಮೈಥಿಲಿ ಮಧ್ಯಾಹ್ನ ಬ್ರಿಸ್ಬೇನಿನಲ್ಲಿ ಇಳಿಯುವುದು. ಅಲ್ಲಿಂದ ಇಬ್ಬರೂ ಸೀದಾ ನ್ಯೂಜಿಲೆಂಡಿನ ವಿಮಾನ ಹತ್ತುವುದು. ಆಗ ಪಕ್ಕದ ಮನೆಯ ಇಂದಿರಮ್ಮ ಆಂಟಿ ಎರಡು ಡಬ್ಬ ಹಿಡಿದು ಬಂದರು.

"ಚಕ್ಲಿ, ಚಟ್ನಿಪುಡಿ. ಮೈಥಿಲಿಗೆ. ಇದು ಮಂಕಿ ಕ್ಯಾಪು. ನಿನಗೆ."

"ಆಂಟಿ, ಸೂಟ್‌ಕೇಸ್ ತೂಕ ಮೀರಿದೆ."

"ಮೀರಿದ್ರೆ ಮೈಮೇಲೆ ಹಾಕ್ಕೊಂಡ್ಹೋಗೋ. ನಮ್ಮನೆಯವರು ಇಂಡಿಯಾಗೆ ಹೋಗೋವಾಗ್ಲೆಲ್ಲ ಮೂರು ಸ್ವೆಟರ್ ಹಾಕ್ಕೊಂಡೇ ಹೋಗೋದು. ಚಕ್ಲಿ ಮೈಮೇಲೆ ಹಾಕ್ಕೊಳ್ಳಕ್ಕಾಗತ್ತಾ?"

ನಮ್ಮ ಜನಾಂಗದ ಪುರಾತನ ವಿಮಾನಯಾನ ತತ್ತ್ವವಲ್ಲವೇ ಅದು! ಅಲ್ಲದೆ ನನ್ನ ಸಿದ್ಧಾಂತದ ಪ್ರಕಾರವೂ ಪ್ರಾಣರಕ್ಷಕ ವಸ್ತು ಪ್ರಾಣಕ್ಕೆ ಹತ್ತಿರವಿರಬೇಕು. ಚಕ್ಕುಲಿ ಸೂಟ್‌ಕೇಸಿಗೆ ಹೋಯಿತು. ಬೂಟು, ಜಾಕೆಟ್, ಹೆಲ್ಮೆಟ್, ಏರ್‌ಬ್ಯಾಗ್, ಅದಕ್ಕೆ ಸಿಕ್ಕಿಸಿದ ಸಲಿಕೆ ಸಮೇತ ನಾನು ಬ್ರಿಸ್ಬೇನಿನ ಎಳೆಬಿಸಿಲಿನಲ್ಲಿ ನಿಂತೆ. ಒಳಗೆ ಇಡ್ಲಿಯಂತೆ ಬೇಯುತ್ತಿದ್ದೆ. ರೈಲಿನಲ್ಲಿ ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಉಳಿಯಿತು.

ವಿಮಾನ ನಿಲ್ದಾಣದಲ್ಲಿ ಕಾಯುತ್ತ ನಿಂತಾಗ ಎದೆಯ ಮೇಲಿನ ಬೀಕನ್ ಒಮ್ಮೆ ಬೀಪ್ ಎಂದಿತು. ನೋಡಿದೆ: ನಲವತ್ತು ಮೀಟರ್. ಅವಳು ಇಳಿದಿದ್ದಾಳೆ! ಮೂವತ್ತು. ಇಪ್ಪತ್ತೆರಡು. ಎರಡು ವರ್ಷ ಕಿಲೋಮೀಟರುಗಳ ಲೆಕ್ಕದಲ್ಲಿದ್ದ ಹೆಂಡತಿ ಈಗ ಮೀಟರುಗಳ ಲೆಕ್ಕಕ್ಕೆ ಇಳಿಯುತ್ತಿದ್ದಳು. ಆ ಸಂಖ್ಯೆ ಕರಗುವುದನ್ನು ನೋಡುತ್ತ ನನ್ನ ಕನ್ನಡಕ ಮಸುಕಾಯಿತು. ಹೆಲ್ಮೆಟ್ಟಿನೊಳಗೆ ಕೈ ಹೋಗದ ಕಾರಣ ಒರೆಸಿಕೊಳ್ಳಲೂ ಆಗಲಿಲ್ಲ. ಬೀಪ್ ಬೀಪ್ ಬೀಪ್! ಎದುರಿಗೆ ಮಸುಕುಮಸುಕಾಗಿ ಮೈಥಿಲಿ.

"ಅಯ್ಯೋ ನನ್ ಕರ್ಮವೇ! ನೀನಾ?"

ನಕ್ಕಳು. ಚೀಲ ಕೆಳಗೆ ಹಾಕಿದಳು. ಓಡಿ ಬಂದು, ಎಟುಕಿದ್ದನ್ನು ಹಿಡಿದುಕೊಂಡು, ನನ್ನನ್ನು ಗಟ್ಟಿಯಾಗಿ ಅಪ್ಪಿದಳು.

ಎಟುಕಿದ್ದು ಹಿಡಿಕೆ.

ಢಮ್! ಕಿತ್ತಳೆ ಬಣ್ಣದ ದೈತ್ಯ ಬಲೂನು ನನ್ನ ಎರಡೂ ಕಿವಿಗಳ ಪಕ್ಕದಿಂದ ಎದ್ದು ಬಂದು ನಮ್ಮಿಬ್ಬರ ಮುಖಗಳ ನಡುವೆ ನಿಂತಿತು. ಅವಳು ಹಿಂದಕ್ಕೆ ಹಾರಿ ತನ್ನದೇ ಸೂಟ್‌ಕೇಸಿನ ಮೇಲೆ ಕುಳಿತಳು. ಯಾರೋ ಕಿರುಚಿದರು. ಯಾರದೋ ಕಾಫಿ ಗಾಳಿಗೆ ಹಾರಿತು. ಒಂದು ಮಗು ಮಾತ್ರ ಚಪ್ಪಾಳೆ ತಟ್ಟಿತು. ಆ ಗದ್ದಲದ ನಡುವೆಯೂ ನನ್ನ ಎದೆಯ ಮೇಲಿನಿಂದ ಸ್ಪಷ್ಟವಾಗಿ ಬೀಪ್ ಬೀಪ್ ಕೇಳುತ್ತಿತ್ತು. ಭದ್ರತಾ ಸಿಬ್ಬಂದಿಗೆ ಬೇರೇನು ಬೇಕು!

ಚಿಕ್ಕ ಕೋಣೆ. ಬಲೂನು ಇಳಿಸುವ ವಿಧಾನ ನನಗೆ ಗೊತ್ತಿರದ ಕಾರಣ ನಾನು ಬಾಗಿಲಲ್ಲಿ ಓರೆಯಾಗಿ ತೂರಬೇಕಾಯಿತು. ಎದುರಿಗೆ ನಡುವಯಸ್ಸಿನ ಅಧಿಕಾರಿಣಿ; ಪಕ್ಕದಲ್ಲಿ ಮೈಥಿಲಿ.

"ಈತ ನಿಮಗೆ ಪರಿಚಯವೇ?" ಎಂದು ಅಧಿಕಾರಿಣಿ ಇಂಗ್ಲಿಷಿನಲ್ಲಿ ಅವಳನ್ನು ಕೇಳಿದಳು.

"ಮೊದಲು ಇತ್ತು," ಎಂದಳು ನನ್ನ ಧರ್ಮಪತ್ನಿ.

"ಈ ಸಲಿಕೆ ಯಾತಕ್ಕೆ, ಮೇಟ್?"

"ಹೆಂಡತಿಗೋಸ್ಕರ," ಎಂದೆ ಪ್ರಾಮಾಣಿಕವಾಗಿ. ಅಧಿಕಾರಿಣಿಯ ಹುಬ್ಬು ಮೇಲೇರಿತು. "ಅವಳು ಹೂತುಹೋದಾಗ ಬೇಕಾಗುತ್ತದೆ," ಎಂದು ವಿವರಿಸಿದೆ. ಹುಬ್ಬು ಇನ್ನೂ ಮೇಲೇರಿತು.

"ಜನರನ್ನು ಹೆದರಿಸಬೇಕೆಂದೇ ಹೀಗೆ ಮಾಡಿದೆ, ಅಲ್ಲವೇ?"

"ಮೇಡಂ, ಅದು ದಾರಿ ತೋರುವ ಪ್ರಶ್ನೆ. 'ಏನಾಯಿತು, ಹೇಳು' ಎಂದು ಕೇಳಿ ಸುಮ್ಮನಿದ್ದರೆ ಹೆಚ್ಚು ವಿಶ್ವಾಸಾರ್ಹ ಉತ್ತರ ದೊರೆಯುತ್ತದೆ."

ಮೈಥಿಲಿ ಹಣೆಯನ್ನು ಮೇಜಿಗೆ ಒತ್ತಿಕೊಂಡಳು. ಅಧಿಕಾರಿಣಿ ಪೆನ್ನು ಕೆಳಗಿಟ್ಟಳು.

"ಸರಿ. ಏನಾಯಿತು, ಹೇಳು," ಎಂದಳು. ಸುಮ್ಮನಾದಳು.

ವರ್ಷಗಟ್ಟಲೆ ನಾನು ಅನ್ಯರ ಮೇಲೆ ಪ್ರಯೋಗಿಸಿದ ಅಸ್ತ್ರ ಅದು. ಎಂಥ ಗಟ್ಟಿ ಮುದುಕರನ್ನೂ ಆ ಮೌನದಿಂದ ಕರಗಿಸಿದ್ದೇನೆ. ನನ್ನ ಮೇಲೆ ಅದು ಬಿದ್ದದ್ದು ಇದೇ ಮೊದಲು. ಗಡಿಯಾರ ಟಿಕ್ ಟಿಕ್. ಬೀಕನ್ ಬೀಪ್ ಬೀಪ್. ಬೆವರು ತೊಟ್ಟಿಕ್ಕಿತು. ನಾನು ಹಿಮದಂತೆ ಕುಸಿದೆ!

"ನನಗೆ ಹಿಮ ಬೇಕಿಲ್ಲ, ಮೇಡಂ. ಸ್ನೋಮೊಬೈಲೂ ಬೇಕಿಲ್ಲ. ನಾನು ಇಬ್ಬರಿಗೆ ಅನ್ನ ಮಾಡುತ್ತೇನೆ, ಒಬ್ಬನೇ ತಿನ್ನುತ್ತೇನೆ. ಬೀರುವಿನಲ್ಲಿರುವ ಒಳಉಡುಪಿನ ಜೊತೆ ಮಾತನಾಡುತ್ತೇನೆ. ಇವಳು ಮತ್ತೆ ಎರಡು ವರ್ಷ ಹೋಗಿಬಿಡುತ್ತಾಳೆ. ಹೋಗಬೇಡವೆನ್ನಲು ನನಗೆ ಬಾಯಿ ಬರುತ್ತಿಲ್ಲ. ಅದಕ್ಕೇ ಪರ್ವತ."

ಅಧಿಕಾರಿಣಿ ನಿಟ್ಟುಸಿರು ಬಿಟ್ಟಳು. "ಮೇಟ್, ಇದನ್ನು ನೀನು ನನಗೆ ಹೇಳುತ್ತಿದ್ದೀಯ. ಪರ್ತ್‌ಗೆ ಹೋಗುವವಳು ನಾನಲ್ಲ."

ನಾನು ತಿರುಗಿದೆ. ನನ್ನೊಂದಿಗೆ ಬಲೂನೂ ತಿರುಗಿ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಉರುಳಿಸಿತು. ಗ್ರಾಂಥಿಕ ಭಾಷೆಯೆಲ್ಲ ಎಲ್ಲಿ ಹೋಯಿತೋ!

"ಮೈಥಿಲಿ, ಹೋಗ್ಬೇಡ ಕಣೇ. ನಂಗೆ ಆಗ್ತಿಲ್ಲ."

ಅವಳು ಉರುಳಿದ ಲೋಟವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಆ ಹೊತ್ತಿಗೆ ನಮ್ಮ ವಿಮಾನ ನಮ್ಮಿಬ್ಬರನ್ನು ಬಿಟ್ಟು ಸಮುದ್ರದ ಮೇಲೆ ಹಾರುತ್ತಿತ್ತು. ಅದು ಯಾರಿಗೂ ನೆನಪಿರಲಿಲ್ಲ.

"ಸೋಮವಾರ ಕಂಪನಿಗೆ ಫೋನ್ ಮಾಡಿ ಆಗಲ್ಲ ಅಂತೀನಿ," ಎಂದಳು. ಕಣ್ಣೊರೆಸಿಕೊಂಡಳು. ಆಮೇಲೆ ಕೈ ಚಾಚಿ, ನನ್ನ ಕೆನ್ನೆ ಸಿಗದೆ, ಅದಕ್ಕೆ ಅಡ್ಡ ನಿಂತಿದ್ದ ಕಿತ್ತಳೆ ಬಲೂನನ್ನೇ ಒಂದು ಬೆರಳಿನಿಂದ ಒತ್ತಿ ನೋಡಿದಳು.

"ಆದ್ರೂ ರಮಾ, 'ಹೋಗ್ಬೇಡ' ಅನ್ನೋಕೆ ಒಬ್ಬ ಮನುಷ್ಯನಿಗೆ ಇಷ್ಟೊಂದು ಗಾಳಿ ಬೇಕಾ?"