ಮುಂದೆ ನುಗ್ಗುವ ಮಂತ್ರಗಾತಿ

ಕೆಲವರಿಗೆ ಹಿಂದೆ ನಿಲ್ಲುವ ಕಲೆ ಹುಟ್ಟಿನಿಂದಲೇ ಬಂದಿರುತ್ತದೆ. ಗುಂಪು ಫೋಟೋದಲ್ಲಿ ಅವರು ಕೊನೆಯ ಸಾಲಿನಲ್ಲಿ ನೆಮ್ಮದಿಯಾಗಿ ನಗುತ್ತಿರುತ್ತಾರೆ. ನಾನು ಆ ಪೈಕಿಯವಳಲ್ಲ. ತಾಂಬರಂನಿಂದ ನುಂಗಂಬಾಕ್ಕಂಗೆ ಹದಿನೆಂಟು ವರ್ಷ ಎಲೆಕ್ಟ್ರಿಕ್ ಟ್ರೇನಿನಲ್ಲಿ ಓಡಾಡಿದವಳು ಹಿಂದೆ ನಿಂತರೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾಳೆ. ನಮ್ಮ ವಿಮಾ ಕಚೇರಿಯ ಕೌಂಟರಿನಲ್ಲಿ ಯಾರಾದರೂ ಜೋರು ಮಾಡಿದರೆ ಮೊದಲು ಎದ್ದು ಹೋಗುವವಳೂ ನಾನೇ. ಈ ಗುಣ ನನ್ನನ್ನು ಎಲ್ಲೆಲ್ಲೋ ಕಾಪಾಡಿದೆ. ಮಗಳ ವಿಡಿಯೋ ಗೇಮಿನಲ್ಲಿ ಮಾತ್ರ ಮೂರು ಭಾನುವಾರ ನನ್ನ ಮಾನ ಕಳೆಯಿತು.

ಮಗಳು ಸಿಂಚನಾಗೆ ಹದಿನಾರು. ನಾನು ಮೈಸೂರಿನ ಕನ್ನಡದಲ್ಲಿ ಎರಡು ನಿಮಿಷ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ "ಸರಿ ಮಾ" ಎಂದು ಮುಗಿಸುತ್ತಾಳೆ. ಅವಳ ಬಾಯಲ್ಲಿ ಧಾರಾಳವಾಗಿ ಮಾತು ಬರುವುದು ಭಾನುವಾರ ಮಧ್ಯಾಹ್ನ, ಗೆಳತಿಯರೊಂದಿಗೆ ಕಂಪ್ಯೂಟರಿನಲ್ಲಿ ರಾಕ್ಷಸರನ್ನು ಹೊಡೆಯುವಾಗ. ಹಾಗಾಗಿ ಅವರ ನಾಲ್ವರ ತಂಡದ ಮಂತ್ರಗಾತಿ ಟ್ಯೂಷನ್ನಿಗೆ ಸೇರಿ ಜಾಗ ಖಾಲಿಯಾದಾಗ, "ನಾನು ಬರ್ಲಾ?" ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಅಳೆದು ನೋಡಿ ಒಪ್ಪಿದಳು. ನಾನು ಮೈಕಿನಲ್ಲಿ ಉಸಿರೆತ್ತಬಾರದು. ಉಳಿದ ಇಬ್ಬರು ಗೆಳತಿಯರ ಪಾಲಿಗೆ ನಾನು ಮೈಸೂರಿನ ಕಸಿನ್.

ಮಂತ್ರಗಾತಿಯ ಕೈಯಲ್ಲಿ ಬೆಂಕಿಯಿದೆ, ಮಂಜಿದೆ, ಸಿಡಿಲಿದೆ. ಮೈಮೇಲೆ ಮಾತ್ರ ವಾಯಿಲ್ ಸೀರೆಯಂಥ ತೆಳು ನಿಲುವಂಗಿ. ಒಂದು ಏಟು ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಗುರಾಣಿ ಹಿಡಿದ ಸಿಂಚನಾ ಮುಂದೆ ನಿಂತು ಏಟು ತಿನ್ನಬೇಕು, ನಾನು ದೂರದಿಂದ ಮಂತ್ರ ಎಸೆಯಬೇಕು. ಹೇಳುವುದೇನೋ ಸುಲಭ. ಕಲ್ಲಿನ ರಾಕ್ಷಸನೊಬ್ಬ ಮಗಳ ತಲೆಗೆ ಗದೆ ಎತ್ತಿದರೆ ಹೆತ್ತವಳು ದೂರ ನಿಂತು ನೋಡುವುದೇ? ಓಡಿಹೋಗಿ ಅಡ್ಡ ನಿಂತೆ, ಇದ್ದಬದ್ದ ಮಂತ್ರವನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಮಂತ್ರಶಕ್ತಿ ತೋರಿಸುವ ನೀಲಿ ಪಟ್ಟಿ ಬರಿದಾಯಿತು, ನಾನು ಸತ್ತೆ, ನನ್ನ ಹಿಂದೆಯೇ ತಂಡವೂ ಸತ್ತಿತು. ಮುಂದಿನ ಎರಡು ಭಾನುವಾರವೂ ಅದೇ ಹಾಡು.

"ಅಮ್ಮಾ, ನಾನ್ ಅಡಿ ವಾಂಗತ್ತಾನ್ ಮುನ್ನಾಡಿ ನಿಕ್ಕಿರೇನ್," ಎಂದಳು. ಏಟು ತಿನ್ನಲೆಂದೇ ಮುಂದೆ ನಿಂತಿರುವುದಂತೆ. ಆಮೇಲೆ, ನನಗೆ ಚೆನ್ನಾಗಿ ನಾಟಲೆಂದು ಕನ್ನಡಕ್ಕೆ ಇಳಿದಳು. "ನೆಕ್ಸ್ಟ್ ವೀಕೂ ಹಿಂಗೇ ಮಾಡಿದ್ರೆ ಬೇರೆಯವ್ರನ್ನ ತಗೊಳೋಣ ಅಂತಿದಾರೆ ಅವ್ರು." ನನಗೆ ನಿಜಕ್ಕೂ ಸಂಕಟವಾಯಿತು. ಆಟ ಹೋದರೆ ಹೋಗಲಿ, ವಾರಕ್ಕೊಂದು ಸಲ ಕಿವಿಗೆ ಬೀಳುತ್ತಿದ್ದ ಅವಳ ಮಾತೂ ಹೋಗುತ್ತದಲ್ಲ.

ನಾಲ್ಕನೆಯ ಭಾನುವಾರ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕಾಲು ನೆಲಕ್ಕೆ ತಾಗಿದರೆ ಓಡಬೇಕೆನಿಸುತ್ತದೆ. ರಾಕ್ಷಸ ಬಂದ. ಸಿಂಚನಾ ಒಂದು ಏಟು ತಿಂದಳು, ಇನ್ನೊಂದು ತಿಂದಳು. ನಾನು ಹಲ್ಲು ಕಚ್ಚಿ ಕಾದೆ. ಅವನು ಪೂರ್ತಿ ಅವಳ ಕಡೆ ತಿರುಗಿದ ಮೇಲೆ ಮಂಜು ಹಾಕಿ ಅವನ ಕಾಲು ಕಟ್ಟಿದೆ, ಆಮೇಲೆ ಬೆಂಕಿ ಎಸೆದೆ. ನೀಲಿ ಪಟ್ಟಿ ಅರ್ಧಕ್ಕಿಳಿದಾಗ ಕೈ ತಡೆದೆ, ಅದು ತುಂಬಿದ ಮೇಲೆ ಮತ್ತೆ ಬೆಂಕಿ. ರಾಕ್ಷಸ ಪುಡಿಪುಡಿಯಾದ. ಅಬ್ಬ ಎಂದು ಹಿಂದಕ್ಕೆ ಒರಗಿದೆ. ಮನಸ್ಸು ಅಷ್ಟು ಹಗುರವಾಗಿ ಬಹಳ ದಿನವಾಗಿತ್ತು.

ಗೆಳತಿಯರಿಬ್ಬರ ಕೂಗು ಸ್ಪೀಕರಿನಲ್ಲಿ ತುಂಬಿತು. "ಯಾರುಡಿ ಅಂದ ಕಸಿನ್? ಸೆಮ್ಮಯಾ ವಿಳಯಾಡ್ರಾ," ಎಂದು ಒಬ್ಬಳು ನನ್ನ ಆಟವನ್ನು ಹೊಗಳಿದಳು. ಸಿಂಚನಾ ನನ್ನ ಕಡೆ ನೋಡಿದಳು. "ಕಸಿನ್ ಇಲ್ಲಡಿ. ಎಂಗ ಅಮ್ಮಾ," ಎಂದಳು. ನಮ್ಮಮ್ಮ ಎಂದ ಆ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಆ ಕಡೆಯಿಂದ "ಗುಡ್ ಆಫ್ಟರ್‌ನೂನ್, ಆಂಟಿ," ಎಂದಿತು ಒಂದು ಸಣ್ಣ ದನಿ. ಮೂರು ವಾರದಿಂದ ನನ್ನನ್ನು ಲೂಸು ಎಂದು ಬೈಯುತ್ತಿದ್ದವಳೇ ಅವಳು. ಇನ್ನೊಬ್ಬಳಿಗೆ ಇದ್ದಕ್ಕಿದ್ದಂತೆ ಕೆಮಿಸ್ಟ್ರಿ ರೆಕಾರ್ಡ್ ನೆನಪಾಯಿತು. ಅರ್ಧ ನಿಮಿಷದಲ್ಲಿ ಇಬ್ಬರೂ ಮಾಯ.

ಸಿಂಚನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಂದಿನ್ ವಾರಾನೂ ನೀನೇ ಬಾ ಮಾ. ಅವ್ರನ್ನ ನಾನ್ ಸರಿ ಮಾಡ್ತೀನಿ," ಎಂದಳು. ಸದ್ಯ, ತಂಡದಲ್ಲಿ ಉಳಿದೆ. ಆದರೂ ಆ ಖಾಲಿ ಪರದೆ ನೋಡುತ್ತ ಸ್ವಲ್ಪ ಪಿಚ್ಚೆನಿಸಿತು. ಅಷ್ಟು ಕಷ್ಟಪಟ್ಟು ಕಲಿತ ಬೆಂಕಿ, ಮಂಜು, ಸಿಡಿಲು ಯಾವುದರಿಂದಲೂ ರಣರಂಗ ಇಷ್ಟು ಬೇಗ ಖಾಲಿಯಾಗಿರಲಿಲ್ಲ. ಅಮ್ಮ ಎಂದು ಗೊತ್ತಾದದ್ದೇ ಸಾಕಾಯಿತು, ಅದೂ ನಾನು ಬೆರಳು ಅಲ್ಲಾಡಿಸದೆ.